ಬರಿಗೈಯ ಸಂಕೋಚ

ವಡೋದರದ ಪ್ರಾರ್ಥನಾಕೂಟದಲ್ಲಿ ಆ ಭಾನುವಾರ ನಾನು ಕೈ ಎತ್ತಿದಾಗ, ಸೂರತ್ತಿಗೆ ವರ್ಗ ಮಾಡಿದ ಆದೇಶ ನನ್ನ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಹೊರಟದ್ದು ಇಲ್ಲಿಂದಲೇ, ಮತ್ತು ಹೆಂಡತಿಯೊಬ್ಬಳನ್ನು ಬಿಟ್ಟು ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ನಾನು ವಿಮೆಯ ಕಚೇರಿಯವನು. ಧಾರವಾಡದ ಕಡೆಯ ಹಳೆಯ ಕ್ರೈಸ್ತ ಮನೆತನ. ಅಜ್ಜನ ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ದೇವರ ಜೊತೆ ಮಾತು ನಡೆದದ್ದು ಕನ್ನಡದಲ್ಲೇ. ವಡೋದರದಲ್ಲಿ ಒಂಬತ್ತು ವರ್ಷ ಇದ್ದೆ. ಅಲ್ಲಿ ನಮ್ಮಂಥವು ಹತ್ತು ಹನ್ನೆರಡು ಮನೆ, ಎಲ್ಲ ಬ್ಯಾಂಕು, ರೈಲ್ವೆ ಅಂತ ಬಂದು ಸೇರಿದವರು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಯಾರಾದರೊಬ್ಬರು "ನೀವು ಕ್ರಿಶ್ಚಿಯನ್ನರಾ? ಕನ್ನಡ ಎಷ್ಟು ಸ್ವಚ್ಛ ಮಾತಾಡ್ತೀರಿ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಚರ್ಚಿಗೆ ಹೋದರೆ ಗುಜರಾತಿ ಹಾಡು. ಹೀಗಾಗಿ ತಿಂಗಳಿಗೆ ಎರಡು ಸಲ ಫತೇಗಂಜಿನ ಒಂದು ಬಾಡಿಗೆ ಹಾಲಿನಲ್ಲಿ ಸೇರಿ ನಮ್ಮ ಹಾಡು ನಾವು ಹಾಡಿಕೊಳ್ಳುತ್ತಿದ್ದೆವು.

ಆ ಕೂಟಕ್ಕೆ ಆಗಾಗ ಅಹಮದಾಬಾದಿನಿಂದ ಒಬ್ಬ ಹಿರಿಯರು ಬರುತ್ತಿದ್ದರು. ನಿವೃತ್ತ ಶಿಕ್ಷಕರು, ನಮ್ಮ ಗದಗಿನ ಕಡೆಯವರೇ. ಲೋಕಲ್ ಗಾಡಿಯಲ್ಲಿ ನಿಂತು ಬರುತ್ತಿದ್ದರು. ಕೈಯಲ್ಲಿ ವೇದಪುಸ್ತಕ, ಜೇಬಿನಲ್ಲಿ ಕನ್ನಡಕ, ಅಷ್ಟೇ. ಯಾರು ಏನು ಬಡಿಸಿದರೂ ತಟ್ಟೆ ಚೊಕ್ಕ ಮಾಡಿ ಏಳುತ್ತಿದ್ದರು. ಆ ದಿನ ಅವರು ತೆಗೆದುಕೊಂಡ ಭಾಗ ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳಿಸಿದ್ದು. ಹಣದ ಚೀಲ ಬೇಡ, ಬುತ್ತಿ ಬೇಡ, ಇನ್ನೊಂದು ಜೋಡು ಕೆರ ಬೇಡ; ಯಾವ ಮನೆ ನಿಮ್ಮನ್ನು ಒಳಗೆ ಕರೆಯುತ್ತದೋ ಅಲ್ಲೇ ಇರಿ, ಅವರು ಇಟ್ಟದ್ದನ್ನು ಉಣ್ಣಿರಿ.

ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಹಣದ ಚೀಲಕ್ಕೆ 'ಹಮ್ಮೀಣಿ' ಎಂಬ ಶಬ್ದವಿದೆ. ಈಗ ಯಾರಿಗೂ ಗೊತ್ತಿಲ್ಲದ ಶಬ್ದ. ಚಿಕ್ಕಂದಿನಲ್ಲಿ ನಾನು ಅರ್ಥ ಕೇಳಿದಾಗ ನಮ್ಮಜ್ಜಿ ಸ್ವಲ್ಪವೂ ಯೋಚಿಸದೆ, "ಹಮ್ಮು ಇಟ್ಕೊಳ್ಳೋ ಚೀಲ" ಎಂದಿದ್ದಳು. ನಿಘಂಟಿನ ಪ್ರಕಾರ ಅದು ಶುದ್ಧ ತಪ್ಪು. ಆದರೆ ಆ ಶಬ್ದ ಬಂದಾಗಲೆಲ್ಲ ನನಗೆ ನೆನಪಾಗುವುದು ಅಜ್ಜಿಯ ಅರ್ಥವೇ.

ಹಿರಿಯರು ಪುಸ್ತಕ ಮುಚ್ಚಿ ಹೇಳಿದರು: "ಸೂರತ್ತಿನ ಬಣ್ಣದ ಮಿಲ್ಲುಗಳ ಹಂತ್ಯಾಕ ನಮ್ಮ ಕಡೆಯ ನಾಕು ಮನಿ ಅದಾವ. ಬೀದರದವರು. ನಮ್ಮ ವಿಶ್ವಾಸದವರು. ಅವರ ಮನ್ಯಾಗ ಕುಂತು ಕನ್ನಡದಾಗ ಒಂದು ಅಧ್ಯಾಯ ಓದಾವ್ರು ಯಾರೂ ಇಲ್ಲ. ಯಾರು ಹೋಗ್ತೀರಿ? ಏನೂ ಒಯ್ಯೂದು ಬ್ಯಾಡ, ಬರೇ ಹೋಗೂದು."

ಯಾರ ಕೈಯೂ ಮೇಲೆ ಬರಲಿಲ್ಲ. ಎಲ್ಲರಿಗೂ ನೌಕರಿ, ಮಕ್ಕಳ ಶಾಲೆ, ಮನೆಯ ಕಂತು. ನಾನು ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸಿ, ತಲೆ ತಗ್ಗಿಸಿ ನಿಧಾನವಾಗಿ ಕೈ ಎತ್ತಿದೆ. ಹಿಂದಿನ ಸಾಲಿನಲ್ಲಿ ಯಾರೋ ಅತ್ತರು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಹೆಂಡತಿ ಹಿಂದಿನಿಂದ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು: "ಈ ಕರೆ ದೇವರಿಂದ ಬಂತೋ, ಝೋನಲ್ ಆಫೀಸಿನಿಂದ ಬಂತೋ?"

ದೇವರು ಝೋನಲ್ ಆಫೀಸಿನ ಮೂಲಕವೂ ಮಾತಾಡಬಹುದಲ್ಲ ಎಂದು ನನ್ನೊಳಗೆ ವಾದ ಮಾಡಿಕೊಂಡೆ. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ಎಲ್ಲವನ್ನೂ ಬಿಟ್ಟು ಹೊರಟ ಸಹೋದರ ಎಂದರು. ಎಲ್ಲವನ್ನೂ ಬಿಟ್ಟವನ ಫ್ರಿಜ್ಜು, ವಾಷಿಂಗ್ ಮಶಿನ್ನು, ಎರಡು ಕಪಾಟು, ಹೆಂಡತಿಯ ಹನ್ನೊಂದು ಹೂವಿನ ಕುಂಡ ಮರುದಿನ ಕಚೇರಿಯ ಖರ್ಚಿನಲ್ಲೇ ಲಾರಿ ಹತ್ತಿದವು.

ಸೂರತ್ತಿನಲ್ಲಿ ನಾವು ಅಡಾಜಣದಲ್ಲಿ ಮನೆ ಹಿಡಿದೆವು. ಲಿಫ್ಟು, ವಾಚ್‌ಮನ್ನು, ಸದಾ ನೀರು. ಅಲ್ಲಿಂದ ತಾಪಿಯ ಸೇತುವೆ ದಾಟಿ, ಉಧ್ನಾ ಹಾದು ಮಿಲ್ಲುಗಳಿರುವ ಪಾಂಡೇಸರಾ ತಲುಪಲು ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ. ಉಧ್ನಾ ದಾಟುತ್ತಲೇ ಗಾಳಿಯ ವಾಸನೆ ಬೇರೆಯಾಗುತ್ತದೆ. ಮೂಗಿನೊಳಗೆ ಏನೋ ಒಣಗಿದಂತೆ. ಮಿಲ್ಲಿನಲ್ಲಿ ಇವತ್ತು ಯಾವ ಬಣ್ಣ ನಡೆದಿದೆ ಎಂದು ಚರಂಡಿ ನೋಡಿಯೇ ಹೇಳಬಹುದು. ಮೊದಲ ಸಲ ಹೋದಾಗ ಅದು ನೇರಳೆ ಇತ್ತು.

ಹಿರಿಯರು ಬರೆದುಕೊಟ್ಟ ಗುರುತು ಹಿಡಿದು ಹುಡುಕಿದೆ. ಸಾಲು ಸಾಲು ಖೋಲಿಗಳ ಚಾಲಿ; ಕೆಳಗಿನ ಸಾಲಿನಲ್ಲಿ ಕೊನೆಯಿಂದ ಎರಡನೆಯದು ಅವರ ಮನೆ. ನಾಲ್ಕು ಮನೆ ಎಂದಿದ್ದರು, ಮೂರು ಖಾಲಿಯಾಗಿ ಊರಿಗೆ ಹೋಗಿದ್ದವು. ಉಳಿದದ್ದು ಗಂಡ ಹೆಂಡತಿ ಇಬ್ಬರ ಈ ಒಂದೇ ಮನೆ. ಗಂಡ ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಖಾತೆಯಲ್ಲಿ ಬಹಳ ವರ್ಷ ದುಡಿದು, ಈಗ ಉಸಿರು ಸಾಲದೆ ಬಾಗಿಲ ಪಕ್ಕದ ಮಂಚದ ಮೇಲೆ ಮಲಗಿದ್ದರು. ಗಾಳಿ ಬರಲಿ ಎಂದು ಮಂಚವನ್ನು ಹೊಸ್ತಿಲಿಗೇ ತಾಗಿಸಿ ಹಾಕಿತ್ತು. ಹೆಂಡತಿಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು. ಕಸೂತಿಯ ಸೀರೆಗಳ ರಾಶಿಯ ನಡುವೆ ಕೂತು, ಸೀರೆಯ ಹಿಂಬದಿಯಲ್ಲಿ ಜೋತಾಡುವ ದಾರಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುವುದು ಅವಳ ಕೆಲಸ. ದಾರದ ತುಣುಕು ಅವಳ ಕೂದಲಲ್ಲಿ, ಗಂಡನ ಹೊದಿಕೆಯಲ್ಲಿ, ನೀರಿನ ಕೊಡದ ಮೇಲೆ, ಎಲ್ಲ ಕಡೆ.

ಕನ್ನಡ ಕೇಳಿದ್ದೇ ಅವಳು ಕತ್ತರಿ ಕೆಳಗಿಟ್ಟಳು. "ಅಣ್ಣಾರ, ಒಳಗ ಬರ್ರಿ. ನಮ್ಮ ಕಡೀ ಮಂದಿ ಬಂದಾರ ನೋಡ್ರಿ" ಎಂದು ಗಂಡನಿಗೆ ಹೇಳಿದಳು.

ಮನೆ ಸಿಗುತ್ತದೋ ಇಲ್ಲವೋ ಎಂದು ಆ ದಿನ ನಾನು ಏನೂ ಒಯ್ದಿರಲಿಲ್ಲ. ಫೋನಿನಲ್ಲಿದ್ದ ವೇದಪುಸ್ತಕ ತೆಗೆದು ಒಂದು ಅಧ್ಯಾಯ ಓದಿದೆ. ಮುಗಿದ ಮೇಲೆ ಗಂಡ ಕಣ್ಣು ಮುಚ್ಚಿಕೊಂಡೇ, "ಇನ್ನೊಮ್ಮೆ ಓದ್ರಿ" ಎಂದರು. ಮತ್ತೆ ಓದಿದೆ. "ಇನ್ನೊಮ್ಮೆ." ಮೂರು ಸಲ ಓದಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಇಲ್ಲಿ ಚರ್ಚಿನ್ಯಾಗ ಹಿಂದಿ, ಗುಜರಾತಿ. ತಿಳೀತದ್ರಿ, ತಿಳ್ಯಂಗಿಲ್ಲ ಅಂತಲ್ಲ. ಖರೇ ದೇವ್ರ ಜೋಡಿ ಪರದೇಶಿ ಹಂಗ ಮಾತಾಡಿ ಮಾತಾಡಿ ಸಾಕಾಗ್ಯದ."

ಜೋಳದ ರೊಟ್ಟಿ, ಪುಂಡಿ ಪಲ್ಯ ತಟ್ಟೆಗೆ ಹಾಕಿ ತಂದಳು. ನಾನು ಊಟ ಮಾಡಿಯೇ ಬಂದಿದ್ದೇನೆ ಎಂದೆ. ಬಂದಿರಲಿಲ್ಲ. ಇಲ್ಲದವರ ಮನೆಯ ಅನ್ನ ಕಸಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಆ ಚರಂಡಿಯ ವಾಸನೆ, ಆ ದಾರದ ತುಣುಕು, ಆ ಕೊಡದ ನೀರು. ನನ್ನ ಬಾಟಲಿಯ ನೀರು ಕುಡಿದು ಎದ್ದೆ.

ಅಂದರೆ ಬರಿಗೈಲಿ ಹೋಗಬೇಕೆಂಬ ಆಜ್ಞೆಯನ್ನು ಆ ವರ್ಷ ನಾನು ಪಾಲಿಸಿದ್ದು ಆ ಒಂದೇ ದಿನ, ಅದೂ ಆಕಸ್ಮಿಕವಾಗಿ, ಅದೂ ಅರ್ಧ.

ಮನೆಗೆ ಬಂದ ಮೇಲೆ ನನಗೆ ನಾಚಿಕೆಯಾದದ್ದು ಊಟ ಬಿಟ್ಟು ಎದ್ದುದಕ್ಕಲ್ಲ, ಬರಿಗೈಲಿ ಹೋದುದಕ್ಕೆ. ನಮ್ಮಲ್ಲಿ ಕಾಯಿಲೆಯವರು, ವಯಸ್ಸಾದವರು, ಮಕ್ಕಳು ಇರುವ ಮನೆಗೆ ಹಾಗೆ ಹೋಗುವ ರೂಢಿಯಿಲ್ಲ. ನಾಲ್ಕು ಬಾಳೆಹಣ್ಣಾದರೂ ಬೇಕು. ನಮ್ಮವ್ವ ಆಸ್ಪತ್ರೆಗೆ ಹೊರಟವರನ್ನು ಓಣಿಯ ತುದಿಯಿಂದ ವಾಪಸು ಕರೆದು ಕೈಯಲ್ಲಿ ಬ್ರೆಡ್ಡು ಇಡುತ್ತಿದ್ದಳು. ಸುವಾರ್ತೆ ಒಂದು ಹೇಳುತ್ತದೆ, ಅವ್ವ ಇನ್ನೊಂದು ಹೇಳುತ್ತಾಳೆ. ನಾನು ಅವ್ವನ ಮಾತು ಕೇಳಿದೆ. ಅದು ಸುಲಭವಿತ್ತು.

ಮುಂದಿನ ವಾರ ಬಾಳೆಹಣ್ಣು, ಬ್ರೆಡ್ಡು. ಅದರ ಮುಂದಿನ ವಾರ ಅಕ್ಕಿ, ತೊಗರಿಬೇಳೆ, ಎಣ್ಣೆ. ಪಕ್ಕದ ಖೋಲಿಯವರು ಬಗ್ಗಿ ನೋಡಿದರು ಎಂದು ಅವರಿಗೂ ಒಂದೊಂದು ಪೊಟ್ಟಣ. ವಡೋದರದ ಕೂಟದವರಿಗೆ ಫೋಟೋ ಕಳಿಸಿದೆ. ಅವರು ಹಳೆಯ ಬಟ್ಟೆಯ ಗಂಟು ಕಳಿಸಿದರು. ಕಚೇರಿಯವರು ಪ್ರಚಾರಕ್ಕೆ ಮಾಡಿಸಿ ಮಿಕ್ಕಿದ್ದ ಬಟ್ಟೆಯ ಕೈಚೀಲಗಳನ್ನು ಕೊಟ್ಟರು. ದೀಪಾವಳಿಯ ಹೊತ್ತಿಗೆ ನಾನು ಸ್ಕೂಟರ್ ಬಿಟ್ಟು ರಿಕ್ಷಾ ಮಾಡಿಕೊಂಡು ಬರುವಂತಾಗಿತ್ತು. ರಿಕ್ಷಾದ ಸದ್ದಿಗೇ ಚಾಲಿಯ ಜನ ಹೊರಗೆ ಬರುತ್ತಿದ್ದರು. "ಸಾಹೇಬ್ ಆಯೇ" ಎನ್ನುತ್ತಿದ್ದರು. ಅವರು ಹಾಗೆ ಕರೆಯುವುದನ್ನು ಕೇಳಿ ಕೇಳಿ ಅವಳೂ ನನ್ನನ್ನು ಅಣ್ಣಾರ ಎನ್ನುವುದು ಬಿಟ್ಟು ಸಾಹೇಬ್ರ ಎನ್ನತೊಡಗಿದಳು. ಅದು ನನ್ನ ಕಿವಿಗೆ ಬಿತ್ತು, ಮತ್ತು ನಿಜ ಹೇಳಬೇಕೆಂದರೆ ಹಿತವಾಗಿಯೇ ಕೇಳಿಸಿತು.

ಫೋಟೋಗಳ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಚೀಲವನ್ನು ಎದೆಯ ಮಟ್ಟಕ್ಕೆ ಹಿಡಿದುಕೊಳ್ಳಿ ಎಂದು ನಾನೇ ಹೇಳಿಕೊಡುತ್ತಿದ್ದೆ. ಒಮ್ಮೆ ಅವಳು ಅಂಚಿನಲ್ಲಿ ನಿಂತು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಸೆರಗು ಸ್ವಲ್ಪ ಹಿಂದ ಸರಿಸ್ರಿ, ಮುಖ ಕಾಣವಲ್ದು" ಎಂದೆ. ಅವಳು ಸರಿಸಿದಳು. ಆ ಫೋಟೋಕ್ಕೆ ವಡೋದರದವರು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಹಾಕಿದರು.

ಓದುವುದು ಹತ್ತು ನಿಮಿಷಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ಒಂದು ಭಾನುವಾರ ಹಂಚಿ ಮುಗಿಸಿ ಬೆವರು ಒರೆಸಿಕೊಂಡು ಹೊರಟಾಗ ಮಂಚದಿಂದ ದನಿ ಬಂತು: "ಇವತ್ತ ಓದಂಗಿಲ್ಲೇನ್ರಿ?"

"ಮುಂದಿನ ವಾರ ಎರಡು ಅಧ್ಯಾಯ ಓದೋಣ" ಎಂದೆ. ಅಂಗಡಿಯವನು ಗಿರಾಕಿಗೆ ಹೇಳುವ ಧಾಟಿಯದು.

ಅವಳು ರಿಕ್ಷಾದವರೆಗೆ ಬಂದಳು. "ಸಾಹೇಬ್ರ, ಮುಂದಿನ ವಾರ ಏನೂ ತರಬ್ಯಾಡ್ರಿ. ಬರೇ ನೀವ್ ಬರ್ರಿ. ಅವ್ರಿಗಿ ಕೇಳಬೇಕಂತ ಆಸಿ ಅದ."

ಇಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಜನವೇ ಮಾಡಬೇಕು. ನಮ್ಮಲ್ಲಿ "ಏನೂ ತರಬೇಡಿ" ಎಂದು ಹೇಳದ ಮನೆಯಿಲ್ಲ. ಅದನ್ನು ನಂಬಿ ಬರಿಗೈಲಿ ಹೋದವರೂ ಇಲ್ಲ. ಬೇಡ ಎನ್ನುವುದು ಅವರ ಮರ್ಯಾದೆ, ತರುವುದು ನಮ್ಮ ಮರ್ಯಾದೆ. ಎಂಥ ಸಂಕೋಚದ ಹೆಣ್ಣುಮಗಳು ಎಂದುಕೊಂಡು ಮುಂದಿನ ವಾರ ಕಂಬಳಿ ಒಯ್ದೆ, ಇಪ್ಪತ್ತು. ಅವಳು ಬೇಡ ಎಂದದ್ದು ನಿಜವಾಗಿ ಬೇಡವೆಂದೇ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಉತ್ತರಾಯಣ, ಅಂದರೆ ಅಲ್ಲಿನ ಗಾಳಿಪಟದ ಸಂಕ್ರಾಂತಿ, ಮುಗಿದ ಮರು ಭಾನುವಾರ. ಕರೆಂಟಿನ ತಂತಿಗಳ ತುಂಬ ಹರಿದ ಗಾಳಿಪಟ, ಮಾಂಜಾ ದಾರ. ನಾನು ರಿಕ್ಷಾದಿಂದ ಚೀಲ ಇಳಿಸುತ್ತಿದ್ದಾಗ ಚಾಲಿಯ ಉಸ್ತುವಾರಿ ನೋಡಿಕೊಳ್ಳುವವನು ಬಂದ. ಜೊತೆಗೆ ಇನ್ನಿಬ್ಬರು. ನಾನು ಆಮೇಲೆ ಅವರನ್ನು ಗೂಂಡಾಗಳು ಎಂದು ವರ್ಣಿಸಿದೆ, ಗೂಂಡಾಗಳೇನೂ ಅಲ್ಲ. ಉಸ್ತುವಾರಿ ಕೈಮುಗಿದೇ ಮಾತು ಶುರುಮಾಡಿದ. ಸಾಹೇಬರೇ, ಪ್ರತಿ ವಾರ ಸಾಮಾನು ಬರುತ್ತದೆ, ಫೋಟೋ ತೆಗೆಯುತ್ತೀರಿ, ಒಳಗೆ ಪ್ರಾರ್ಥನೆ ಅಂತಾರೆ. ಸಾಮಾನಿನ ಆಸೆ ತೋರಿಸಿ ಧರ್ಮ ಬದಲಾಯಿಸುತ್ತಾರೆ ಅಂತ ಜನ ಮಾತಾಡುತ್ತಿದ್ದಾರೆ. ನೀವು ಯಾರು, ಈ ಮನೆಯವರು ನಿಮಗೆ ಏನಾಗಬೇಕು?

ನ್ಯಾಯವಾದ ಪ್ರಶ್ನೆ. ಸರಳವಾದ ಉತ್ತರವೂ ಇತ್ತು: ಇವರು ಹುಟ್ಟಿನಿಂದ ಕ್ರೈಸ್ತರು, ನಾನೂ, ಇವರಿಗೆ ಓದಿ ಹೇಳಲು ಬರುತ್ತೇನೆ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಕಚೇರಿಗೆ ದೂರು ಹೋದರೆ, ಪೊಲೀಸರು ಬಂದರೆ, ನಿವೃತ್ತಿಗೆ ಇನ್ನು ಮೂರೇ ವರ್ಷ ಎಂಬುದೆಲ್ಲ ಒಂದೇ ಗಳಿಗೆಯಲ್ಲಿ ತಲೆಯೊಳಗೆ ಹಾದುಹೋಯಿತು.

"ಅರೇ ನಹೀಂ ಭಾಯಿ" ಎಂದೆ, ನಗುತ್ತ. ಹಿಂದಿಯಲ್ಲೇ ಮುಂದುವರಿಸಿದೆ: ನಾನು ಬಡವರಿಗೆ ಸಾಮಾನು ಕೊಡುವವನು, ಅಷ್ಟೇ. ಪ್ರಾರ್ಥನೆ ಗೀರ್ಥನೆಗೂ ನನಗೂ ಸಂಬಂಧವಿಲ್ಲ. ಈ ಮನೆಯವರನ್ನು ನಾನು ಸರಿಯಾಗಿ ಬಲ್ಲವನೂ ಅಲ್ಲ.

ಹೇಳಿ ಮುಗಿಸಿ ತಿರುಗಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕತ್ತರಿ. ಅವಳ ಮೊಣಕಾಲಿನ ಪಕ್ಕದಲ್ಲೇ ಮಂಚ, ಮಂಚದ ಮೇಲೆ ಅವಳ ಗಂಡ, ಕಣ್ಣು ತೆರೆದೇ ಇತ್ತು.

ಅವಳು ನನ್ನ ಕಡೆ ನೋಡಲಿಲ್ಲ. ಉಸ್ತುವಾರಿಯ ಕಡೆ ನೋಡಿ ಗುಜರಾತಿಯಲ್ಲಿ, ಇಪ್ಪತ್ತು ವರ್ಷದ ಬಳಕೆಯ ಸಲೀಸಾದ ಗುಜರಾತಿಯಲ್ಲಿ ಹೇಳಿದಳು: "ಏ ಮಾರಾ ಭಾಈ ಛೇ." ಇವನು ನನ್ನ ಅಣ್ಣ. ನಮ್ಮ ಊರ ಕಡೆಯವನು. ನನ್ನ ಗಂಡನಿಗೆ ನಮ್ಮ ಮಾತಿನಲ್ಲಿ ಓದಿ ಹೇಳಲಿಕ್ಕೆ ಬರುತ್ತಾನೆ. ನಾವು ಅಜ್ಜಿಯ ಕಾಲದಿಂದ ಇದೇ ವಿಶ್ವಾಸದವರು, ನನಗೆ ಯಾರೂ ಅಕ್ಕಿ ಕೊಟ್ಟು ದೇವರನ್ನು ಕೊಟ್ಟಿಲ್ಲ.

ಉಸ್ತುವಾರಿ ಅವಳನ್ನು ನೋಡಿದ, ನನ್ನನ್ನು ನೋಡಿದ. ನಿಜವಾಗಿಯೂ ಗೊಂದಲವಾಗಿತ್ತು ಅವನಿಗೆ. "ಸಾಹೇಬ್, ನೀವು ಗೊತ್ತಿಲ್ಲ ಅಂತೀರಿ, ಇವಳು ಅಣ್ಣ ಅಂತಾಳೆ. ಯಾರ ಮಾತು ಖರೆ?"

ನಾನು ಕೈಗಡಿಯಾರ ನೋಡಿಕೊಂಡೆ. ತಡವಾಯಿತು ಎಂದೆ. ರಿಕ್ಷಾ ಹತ್ತಿದೆ. ಇಳಿಸಿದ ಚೀಲಗಳು ರಸ್ತೆಯಲ್ಲೇ ಉಳಿದವು.

ಐದು ಭಾನುವಾರ ನಾನು ಪಾಂಡೇಸರಾ ಕಡೆ ತಲೆ ಹಾಕಲಿಲ್ಲ. ನನಗೆ ಕೆಮ್ಮು ಎಂದು ಹೆಂಡತಿಗೆ ಹೇಳಿದೆ. ನನಗೆ ಕೆಮ್ಮು ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆರನೆಯ ಭಾನುವಾರ ಮಗಳನ್ನು ನೋಡಲು ಅಹಮದಾಬಾದಿಗೆ ಹೋದೆ. ಅವಳು ಅಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮಣಿನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಅಲ್ಲಿನ ಕನ್ನಡದ ಕೂಟ; ಇಬ್ಬರೂ ಹೋದೆವು. ನಾನು ಬಂದಿದ್ದೇನೆ ಎಂದು ತಿಳಿದು ಸೂರತ್ತಿನ ಸೇವೆಯ ಬಗ್ಗೆ ಸಾಕ್ಷಿ ಹೇಳಲು ಕರೆದರು.

ಏನು ಹೇಳಿದೆ ಎಂದು ಈಗ ಬರೆಯುವುದು ಆವಾಗ ಹೇಳಿದ್ದಕ್ಕಿಂತ ಕಷ್ಟ. ಎಷ್ಟು ಮನೆಗೆ ಅಕ್ಕಿ, ಎಷ್ಟು ಕಂಬಳಿ ಎಂದೆ. ಆಮೇಲೆ ವಿರೋಧ ಬಂತು ಎಂದೆ. ಮೂವರು ಗೂಂಡಾಗಳು ಸುತ್ತುವರಿದರು, ನಾನು ಅವರ ಮುಂದೆ ಒಬ್ಬನೇ ನಿಂತೆ, ಸಾಮಾನು ರಸ್ತೆಗೆ ಬಿತ್ತು ಎಂದೆ. ಒಂದೊಂದು ಮಾತನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ ಪೂರ್ತಿ ಸುಳ್ಳು ಎನ್ನಲಾಗದ ಹಾಗೆ ಹೇಳಿದೆ. ಅದರಲ್ಲಿ ನಾನು ವಿಮೆಯವನು, ಪಳಗಿದ್ದೇನೆ. ಹೆಂಗಸರು ಕಣ್ಣೊರೆಸಿಕೊಂಡರು. ನನಗೋಸ್ಕರ ವಿಶೇಷ ಪ್ರಾರ್ಥನೆ ಆಯಿತು. ತಲೆ ತಗ್ಗಿಸಿ ಅದನ್ನೂ ಸ್ವೀಕರಿಸಿದೆ.

ಎದುರಿನ ಚಾಪೆಯ ಮೇಲೆ ಅದೇ ಹಿರಿಯರು ಕೂತಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, ನನ್ನ ಭುಜದ ಮೇಲೆ ಕೈ ಇಟ್ಟು ಒಂದೇ ಮಾತು ಕೇಳಿದರು: "ಆ ಮನ್ಯಾಗ ಏನು ಉಂಡ್ರಿ?"

ಅವರು ಚುಚ್ಚಲು ಕೇಳಿರಲಿಲ್ಲ. ಅವರ ಮಟ್ಟಿಗೆ ಅದು ಮೊದಲ ಪ್ರಶ್ನೆ. ಹೋದಿರಿ, ಕೂತಿರಿ, ಏನು ಉಂಡಿರಿ. ಸಕ್ಕರೆ ಕಾಯಿಲೆ ಎಂದು ಏನೋ ತೊದಲಿದೆ. ಅವರು ತಲೆಯಾಡಿಸಿ ಮುಂದಿನವರ ಕಡೆ ಹೋದರು.

ಕೆಳಗೆ ಬಂದು ರಿಕ್ಷಾಕ್ಕೆ ಕಾಯುವಾಗ ಮಗಳು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು: "ಪಪ್ಪಾ, ನೀನು ಫೋಟೋದಲ್ಲಿರೋ ಆ ಆಂಟಿ ಬಗ್ಗೆ ಕುಛ್ ಭೀ ಹೇಳಿಲ್ಲ. ಗೂಂಡಾ ಬಂದಾಗ ಅವರು ಏನು ಮಾಡಿದ್ರು?"

"ಏನೂ ಇಲ್ಲ. ಒಳಗಿದ್ದರು" ಎಂದೆ.

ಆ ಹೆಣ್ಣುಮಗಳನ್ನು ಎರಡನೆಯ ಸಲ ಇಲ್ಲವೆಂದದ್ದು ಹೀಗೆ, ನನ್ನ ಮಗಳ ಮುಂದೆ. ಸೂರತ್ತಿಗೆ ಮರಳುವ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಬೇರೆ ಶಬ್ದ ಇಲ್ಲ. ಬಡವರ ಮನೆಯ ರೊಟ್ಟಿಯನ್ನು ಮುಟ್ಟದವನು ಅವರಿಗೆ ಕೊಡಲು ಚೀಲದ ಮೇಲೆ ಚೀಲ ಹೊತ್ತದ್ದು ಯಾಕೆ ಎಂದರೆ, ಕೊಡುವವನಾಗಿ ನಿಂತರೆ ಹತ್ತಿರ ಕೂರಬೇಕಿಲ್ಲ. ಹಮ್ಮೀಣಿಗೆ ಅಜ್ಜಿ ಕೊಟ್ಟ ಅರ್ಥ ನಿಘಂಟಿನಲ್ಲಿ ತಪ್ಪಿರಬಹುದು, ನನ್ನ ವಿಷಯದಲ್ಲಿ ಸರಿಯಾಗಿತ್ತು.

ಮುಂದಿನ ಭಾನುವಾರ ಸ್ಕೂಟರ್ ತೆಗೆದೆ. ಚೀಲವಿಲ್ಲ, ನೀರಿನ ಬಾಟಲಿಯಿಲ್ಲ. ಫೋಟೋ ತೆಗೆಯುವ ಚಟಕ್ಕೆ ಹೆದರಿ ಫೋನನ್ನೂ ಮನೆಯಲ್ಲಿ ಬಿಟ್ಟೆ. ಉಧ್ನಾದಲ್ಲಿ ಹಣ್ಣಿನ ಗಾಡಿ ಕಂಡಾಗ ಬ್ರೇಕು ತಾನೇ ಬಿತ್ತು. ಗಾಡಿಯವನು ಒಂದು ಡಜನ್ ಬಾಳೆಹಣ್ಣು ಎತ್ತಿ ಕೊಟ್ಟೂ ಬಿಟ್ಟ. ಕೈಯಲ್ಲಿ ಹಿಡಿದು ನಿಂತು, ಬೇಡ ಎಂದು ವಾಪಸು ಇಟ್ಟೆ. ಅವನು ಬೈದದ್ದು ಪೂರ್ತಿ ಅರ್ಥವಾಗದಿದ್ದರೂ ಸರಿಯಾಗಿಯೇ ಬೈದ.

ಚಾಲಿಯಲ್ಲಿ ಸ್ಕೂಟರಿನ ಸದ್ದಿಗೆ ಯಾರೂ ಹೊರಗೆ ಬರಲಿಲ್ಲ. ಅವಳು ಸೀರೆಯಿಂದ ತಲೆ ಎತ್ತಿದಳು. "ಬರ್ರಿ" ಎಂದಳು. ಅಣ್ಣಾರ ಎನ್ನಲಿಲ್ಲ, ಸಾಹೇಬ್ರ ಎನ್ನಲೂ ಇಲ್ಲ. ಗಂಡ ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ, "ಓದ್ರಿ" ಎಂದರು.

ಆಗ ನೆನಪಾಯಿತು, ನನ್ನ ವೇದ ಇದ್ದದ್ದು ಫೋನಿನಲ್ಲಿ.

ಬಾಯಿಪಾಠ ಹೇಳುತ್ತೇನೆ ಎಂದೆ. ದೇವರು ಕುರುಬ, ನಾವು ಕುರಿ ಎನ್ನುವ ಆ ಕೀರ್ತನೆ ನಮ್ಮ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೂ ಬರುತ್ತದೆ. ಮೂರನೆಯ ವಾಕ್ಯಕ್ಕೆ ತಡವರಿಸಿದೆ, ನಾಲ್ಕನೆಯದಕ್ಕೆ ನಿಂತೇ ಹೋದೆ. ನಲವತ್ತು ವರ್ಷ ಪರದೆ ನೋಡಿ ಪುಟ ನೋಡಿ ಓದಿದ್ದು, ಒಂದೂ ಒಳಗೆ ಇಳಿದಿರಲಿಲ್ಲ. ಓದಲು ಬಾರದ ಅವಳು ಕತ್ತರಿ ಆಡಿಸುತ್ತಲೇ ಆ ವಾಕ್ಯ ಹಿಡಿದುಕೊಂಡಳು. ಕೀರ್ತನೆ ಮುಗಿಸಿದಳು. ಆಮೇಲೆ, ನಾನು ಮೊದಲ ದಿನ ಓದಿದ ಅಧ್ಯಾಯವನ್ನು ಶುರುಮಾಡಿ ಕೊನೆಯವರೆಗೆ ಹೇಳಿದಳು. ಗಂಡ ತುಟಿ ಆಡಿಸುತ್ತಿದ್ದರು.

ನಾನು ಬಾಯಿ ತೆರೆದುಕೊಂಡು ಕೂತಿದ್ದೆ. "ಹ್ಯಾಂಗ ಬರ್ತದ ನಿಮಗ?"

"ನೀವೇ ಮೂರ್ ಸಲ ಓದಿದ್ರಲ್ರಿ" ಎಂದಳು. "ದಿನಾ ಸಂಜಿಗಿ ಅವ್ರಿಗಿ ಅದೇ ಹೇಳ್ತೀನಿ. ಮುಂದಿಂದೂ ಹಂಗೇ ಮೂರ್ ಸಲ ಓದ್ತೀರಿ ಅಂತ ಹಾದಿ ನೋಡಿದ್ವಿ."

ಇಷ್ಟು ಚೀಲ ಒಯ್ದರೂ ಅವರು ಇಟ್ಟುಕೊಂಡದ್ದು ಚೀಲವಿಲ್ಲದೆ ಹೋದ ಆ ಒಂದು ದಿನವನ್ನು. ನಾನು ತಲೆ ಎತ್ತಲಾರದೆ, "ಅವತ್ತ ನಾನು ಹಂಗ ಅನಬಾರದಿತ್ತು" ಎಂದು ಶುರುಮಾಡಿದೆ.

"ಅಂಜಿದ್ರಿ" ಎಂದಳು. "ನೌಕರಿ ಮಂದಿ. ಉಣ್ರಿ ಮೊದಲ."

ಕ್ಷಮಿಸಿದೆ ಎಂದೂ ಇಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ಅರ್ಧ ಹಗುರಾಗುತ್ತಿತ್ತು. ರೊಟ್ಟಿ, ಪುಂಡಿ ಪಲ್ಯ, ಕೊಡದಿಂದ ಬಗ್ಗಿಸಿದ ನೀರು. ಮೊದಲ ತುತ್ತಿಗೇ ಹಲ್ಲಿಗೆ ಏನೋ ಸಿಕ್ಕಿತು. ಎಳೆದರೆ ಗೇಣುದ್ದದ ಜರಿಯ ದಾರ. ಅವಳು ನೋಡಿ ಮೊದಲ ಸಲ ನಕ್ಕಳು. "ಜರಿ ಹೊಟ್ಟಿಗಿ ಹೋದ್ರ ಏನೂ ಆಗಂಗಿಲ್ಲ ಅಣ್ಣಾರ. ನಾವ್ ದಿನಾ ತಿಂತೀವಿ." ನಾನು ಎರಡು ರೊಟ್ಟಿ ಉಂಡೆ. ರುಚಿಯಾಗಿತ್ತು. ಏಳು ತಿಂಗಳು ಬಿಟ್ಟುಕೊಟ್ಟ ಊಟ.

ಅಲ್ಲಿಂದ ಪ್ರತಿ ಭಾನುವಾರ ಪುಸ್ತಕ ಒಯ್ದೆ, ಬೇರೇನೂ ಒಯ್ಯಲಿಲ್ಲ. ಸಲೀಸಾಗಿತ್ತು ಎಂದು ಯಾರೂ ತಿಳಿಯಬಾರದು. ಖಾಲಿ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ತೊಡೆಯ ಮೇಲೆ ಇಡುತ್ತಿದ್ದೆ, ತೆಗೆಯುತ್ತಿದ್ದೆ. ಅವಳು ಅದನ್ನು ಗಮನಿಸಿ ಒಂದು ದಿನ ಇನ್ನೊಂದು ಕತ್ತರಿ ಕೊಟ್ಟಳು. ಓದಿ ಮುಗಿಸಿದ ಮೇಲೆ ನಾನೂ ದಾರ ಕತ್ತರಿಸುತ್ತ ಕೂರುತ್ತಿದ್ದೆ. ಒಂದು ಸೀರೆಗೆ ತೂತು ಮಾಡಿದ್ದೂ ಆಯಿತು. ಉಸ್ತುವಾರಿ ಆಗಾಗ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ನಿಲ್ಲುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ನಾನೇ ಕರೆದು ಹೇಳಬಹುದಿತ್ತು. ಪ್ರತಿ ವಾರ ಇವತ್ತು ಹೇಳೋಣ ಎಂದುಕೊಳ್ಳುತ್ತಿದ್ದೆ. ಮಂಚದ ಮೇಲಿನವರು ಅವತ್ತಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆದರೆ ಅವನ ಹೆಜ್ಜೆಯ ಸದ್ದು ಕೇಳಿದಾಗ ಅವರ ಕಣ್ಣು ನನ್ನ ಕಡೆ ಬರುತ್ತಿತ್ತು. ನಾನು ಮುಂದಿನ ವಾಕ್ಯ ಓದುತ್ತಿದ್ದೆ.

ಜೂನಿನಲ್ಲಿ, ಒಂದು ಗುರುವಾರ ಬೆಳಿಗ್ಗೆ ಅವರು ತೀರಿಕೊಂಡರು. ಕಚೇರಿಗೆ ರಜೆ ಹಾಕಿ ಹೋದೆ. ಊರಿನಿಂದ ಬರುವವರು ಯಾರೂ ಇರಲಿಲ್ಲ. ಪೆಟ್ಟಿಗೆ ಹೊರಲು ಚಾಲಿಯ ಜನವೇ ಬಂದರು, ಉಸ್ತುವಾರಿ ಮುಂದಿನ ಹೆಗಲು ಕೊಟ್ಟ. ಸಮಾಧಿ ಭೂಮಿಯ ಕಚೇರಿಯಲ್ಲಿ ದಪ್ಪ ರಿಜಿಸ್ಟರ್ ತೆರೆದಿಟ್ಟುಕೊಂಡ ಗುಮಾಸ್ತ ಒಂದೊಂದೇ ಕೇಳಿ ಬರೆದುಕೊಂಡ. ಕೊನೆಗೆ ನನ್ನ ಕಡೆ ಪೆನ್ನು ತೋರಿಸಿ, "ತಮೇ ಏಮನಾ ಶುಂ ಥಾಓ?" ಎಂದ. ನೀವು ಇವರಿಗೆ ಏನಾಗಬೇಕು?

ಅವಳು ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಗುಜರಾತಿ ನನಗಿಂತ ಚೆನ್ನಾಗಿ ಬಲ್ಲವಳು, ಅವಳೇ ಹೇಳಬಹುದಿತ್ತು, ಒಮ್ಮೆ ಹೇಳಿಯೂ ಇದ್ದಳು. ಈ ಸಲ ಹೇಳಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದಳು, ಅಷ್ಟೇ. ಉಸ್ತುವಾರಿ ಬಾಗಿಲಿಗೆ ಒರಗಿ ನಿಂತಿದ್ದ. ಅವನೂ ನೋಡಿದ.

"ಸಾಳೋ" ಎಂದೆ. ಹೆಂಡತಿಯ ಅಣ್ಣ. ಹಿಂದಿಯಲ್ಲಿ ಅದೇ ಶಬ್ದ ಬೈಗುಳ. ಉಧ್ನಾದ ಟ್ರಾಫಿಕ್ಕಿನಲ್ಲಿ ನಾನೇ ಎಷ್ಟೋ ಜನರಿಗೆ ಅಂದಿದ್ದೇನೆ. ದನಿ ಸಣ್ಣದಾಗಿತ್ತೋ ಏನೋ, ಗುಮಾಸ್ತ ಮತ್ತೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ, ಎಲ್ಲರಿಗೂ ಕೇಳುವಂತೆ. ಅವನು ತಲೆ ಎತ್ತದೆ ಬರೆದುಕೊಂಡ. ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

ಜನವರಿಯಲ್ಲಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಜೂನಿನಲ್ಲಿ. ಅವಳನ್ನು ನಾನು ಬಲ್ಲವನಲ್ಲ ಎಂದದ್ದನ್ನು ಹೊಸ್ತಿಲ ಪಕ್ಕದ ಮಂಚದ ಮೇಲೆ ಮಲಗಿ ಕೇಳಿಸಿಕೊಂಡಿದ್ದ ಮನುಷ್ಯ, ನಾನು ಅವಳ ಅಣ್ಣ ಎಂದದ್ದನ್ನು ಕೇಳಿಸಿಕೊಳ್ಳಲಿಲ್ಲ. ಆಗ ಅವರ ಪೆಟ್ಟಿಗೆಯನ್ನು ಹೊರಗೆ ಬೇವಿನ ಮರದ ಕೆಳಗೆ ಇಳಿಸಿಟ್ಟಿತ್ತು, ಮುಚ್ಚಳಕ್ಕೆ ಮೊಳೆ ಹೊಡೆದಾಗಿತ್ತು.